ಹೊಸೂರು: ಮುಂಗಡದ ಕಾಸಿಗೆ ಕಟ್ಟುಬೀಳುವ ಮನೆಗಳು

2024ರ ಜೂನ್ 27ರಂದು ತಮಿಳುನಾಡು ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು ಹೊಸೂರಿನಲ್ಲಿ 2,000 ಎಕರೆ ಜಾಗದಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರಿಗೆ ಸಾಲುವಂಥ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಕಟ್ಟುವುದಾಗಿ ಪ್ರಕಟಿಸಿದರು. ವಿಮಾನ ಇನ್ನೂ ಬಂದಿಲ್ಲ. ಬ್ರೋಕರುಗಳು ಮಾತ್ರ ಆ ವಾರವೇ ಬಂದರು.

ತಳಿ ರಸ್ತೆಯ ಒಂದು ಅಡ್ಡಬೀದಿಯಲ್ಲಿ ನಮ್ಮದೊಂದು ಮನೆಯಿತ್ತು. 1986ರಲ್ಲಿ ಅಪ್ಪ ಕೊಂಡ 30–40 ನಿವೇಶನ, ಆಮೇಲೆ ಕಂತು ಕಂತಾಗಿ ಕಟ್ಟಿದ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬರೇ ಇದ್ದರು. ಮಂಡಿ ನೋವು, ಮೆಟ್ಟಿಲು ಹತ್ತಲಾರರು. ನಾನು ಅತ್ತಿಬೆಲೆಯಲ್ಲಿ, ಅಕ್ಕ ಡೆಂಕಣಿಕೋಟೆಯಲ್ಲಿ. ಮಾರೋಣ ಎಂಬ ಮಾತು ಮನೆಯೊಳಗೆ ಇನ್ನೂ ಪೂರ್ತಿ ಆಗಿರಲಿಲ್ಲ, ಅಷ್ಟರಲ್ಲಿ ಬೀದಿಗೆ ಗೊತ್ತಾಗಿತ್ತು. ಒಬ್ಬ ಬ್ರೋಕರು ಜಗಲಿ ಮೇಲೆ ಕೂತು, "ಅಣ್ಣಾ, ಪಾರ್ಟಿ ರೆಡಿ ಇದೆ. ಒಂದು ಲಕ್ಷ ಟೋಕನ್ ಇವತ್ತೇ ಇಸ್ಕೊಳ್ಳಿ. ಮಿಕ್ಕಿದ್ದು ಆಮೇಲೆ ಕೂತ್ಕೊಂಡು ಮಾತಾಡೋಣ" ಅಂದ.

ಹೊಸೂರು, ಸೂಳಗಿರಿ, ಬಾಗಲೂರು, ಬೇರಿಕೆ ಕಡೆ ಈಗ ಮನೆ ಮಾರುವ ಪ್ರತಿಯೊಬ್ಬರೂ ಕೇಳುತ್ತಿರುವ ಮಾತು ಇದು. ಈ 'ಆಮೇಲೆ' ಎಂಬುದರೊಳಗೆ ಏನೇನು ಅಡಗಿದೆ ಎಂಬುದನ್ನು ಇಲ್ಲಿಯ ಕನ್ನಡದ ಕುಟುಂಬಗಳು ಮುಂಗಡಕ್ಕೆ ಕೈಚಾಚುವ ಮೊದಲೇ ತಿಳಿಯಬೇಕೆಂದು ಈ ಬರಹ.

ಹೊಸೂರಿನಲ್ಲಿ ನೆಲದ ಬೆಲೆ ಏರಿದ್ದು ಇದೇ ಮೊದಲಲ್ಲ. ಎಪ್ಪತ್ತರ ದಶಕದಲ್ಲಿ ಸಿಪ್‌ಕಾಟ್ ಬಂದಾಗ ಒಮ್ಮೆ, ಆಮೇಲೆ ಅಶೋಕ್ ಲೇಲ್ಯಾಂಡ್, ಟಿ.ವಿ.ಎಸ್., ಟೈಟಾನ್ ಬಂದಾಗ ಒಮ್ಮೆ. 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟು ಕೃಷ್ಣಗಿರಿ ಜಿಲ್ಲೆಯಾಯಿತು, 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಆದರೆ ಮೊದಲಿನ ಏರಿಕೆಗಳಲ್ಲಿ ಮಾರಿದ್ದು ಹೊಲ, ತೋಟ. ಈಗ ಮಾರುತ್ತಿರುವುದು ವಾಸದ ಮನೆ. ಆ ಕಾಲದಲ್ಲಿ ಮನೆ ಕಟ್ಟಿದವರಿಗೆ ಈಗ ಎಪ್ಪತ್ತು ದಾಟಿದೆ. ಮಕ್ಕಳು ಬೆಂಗಳೂರಿನಲ್ಲೋ ಚಂದಾಪುರದಲ್ಲೋ ಇದ್ದಾರೆ. ಮನೆಯಲ್ಲಿ ಕನ್ನಡವೋ ತೆಲುಗೋ ಆಡುವ ಈ ಹಿರಿಯರಿಗೆ ತಮಿಳು ಮಾತು ಚೆನ್ನಾಗಿಯೇ ಬರುತ್ತದೆ. ಓದಲು ಬರುವುದಿಲ್ಲ. ಕಚೇರಿಯ ಕಾಗದವೆಲ್ಲ ತಮಿಳಿನಲ್ಲಿ. ಗಡಿಯ ಸಮಸ್ಯೆ ಎಂದರೆ ಶಾಲೆ, ಫಲಕ, ಬಸ್ಸು ಎಂದಷ್ಟೇ ನಾವು ಬರೆಯುತ್ತ ಬಂದಿದ್ದೇವೆ. ಒಬ್ಬ ಅಜ್ಜಿ ತಾನು ಓದಲಾರದ ಕಾಗದಕ್ಕೆ ಸಹಿ ಹಾಕಿ ಮನೆ ಕಳೆದುಕೊಳ್ಳುವುದೂ ಗಡಿಯ ಸಮಸ್ಯೆಯೇ.

ವಿಮಾನ ನಿಲ್ದಾಣದ ಮಾತನ್ನು ಸ್ವಲ್ಪ ನೋಡಿಬಿಡೋಣ. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ, ಅದು ಶುರುವಾದ 2008ರಿಂದ 25 ವರ್ಷ, ಅಂದರೆ 2033ರವರೆಗೆ, ಮೈಸೂರು–ಹಾಸನ ಬಿಟ್ಟರೆ 150 ಕಿ.ಮೀ. ಒಳಗೆ ಇನ್ನೊಂದು ಅಂಥ ನಿಲ್ದಾಣಕ್ಕೆ ತಡೆ ಇದೆ. ಹೊಸೂರು ಆ ಸುತ್ತಿನೊಳಗೇ ಬರುತ್ತದೆ. ಮೆಟ್ರೋ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಬೊಮ್ಮಸಂದ್ರದವರೆಗೆ ಬಂತು. ಅಲ್ಲಿಂದ ಈಚೆಗೆ ಬರುವುದು ಎರಡು ರಾಜ್ಯಗಳ ವ್ಯವಹಾರ. ಇದನ್ನು ಯಾಕೆ ಹೇಳುತ್ತೇನೆಂದರೆ, ಬ್ರೋಕರು ಒಂದೇ ಸುದ್ದಿಯನ್ನು ಎರಡು ಬಾಯಲ್ಲಿ ಹೇಳುತ್ತಾನೆ. ಕೊಳ್ಳುವವನ ಹತ್ತಿರ "ಏರ್‌ಪೋರ್ಟ್ ಬರ್ತಿದೆ, ಈಗಲೇ ತಗೊಳ್ಳಿ" ಅಂತಾನೆ. ನಮ್ಮ ಹತ್ತಿರ "ಏರ್‌ಪೋರ್ಟ್ ಬರೋದು ಡೌಟು ಅಣ್ಣಾ, ರೇಟ್ ಬೀಳೋಕೆ ಮುಂಚೆ ಕೊಟ್ಬಿಡಿ" ಅಂತಾನೆ. ಎರಡನ್ನೂ ನಂಬಬೇಕಾಗಿಲ್ಲ. ನಮ್ಮ ಬೀದಿಯಲ್ಲಿ ಕಳೆದ ಆರು ತಿಂಗಳಲ್ಲಿ ನಿಜವಾಗಿ ಯಾವ ಮನೆ ಎಷ್ಟಕ್ಕೆ ಹೋಯಿತು ಎಂದು ಕೊಟ್ಟವರನ್ನೇ ಕೇಳುವುದು ಲೇಸು. ನಾನು ಎರಡು ಮನೆಯವರನ್ನು ಕೇಳಿದೆ. ಬ್ರೋಕರು ಹೇಳಿದ ಬೆಲೆಗೂ ಅವರ ಕೈಗೆ ಬಂದ ಬೆಲೆಗೂ ಸಾಕಷ್ಟು ಅಂತರವಿತ್ತು.

2025ರಲ್ಲಿ ನಮ್ಮ ಮನೆಗೆ ಮೂರು ಕೇಳಿಕೆ ಬಂದವು.

ಮೊದಲನೆಯದು 72 ಲಕ್ಷ. ಒಂದು ಲಕ್ಷ ಟೋಕನ್, ಹನ್ನೊಂದು ತಿಂಗಳ ಕರಾರು. ಎರಡನೆಯದು 66 ಲಕ್ಷ. ಗಂಡ ಹೆಂಡತಿ ಇಬ್ಬರೂ ಕಾರ್ಖಾನೆ ನೌಕರರು, ಬ್ಯಾಂಕ್ ಸಾಲ ಎತ್ತಿ ಕೊಳ್ಳುವವರು, ಮೂರು ತಿಂಗಳು ಕೇಳಿದರು. ಮೂರನೆಯವರು 60 ಲಕ್ಷ ಅಂದರು. ಮೂವತ್ತು ದಿನದಲ್ಲಿ ಪೂರ್ತಿ ಹಣ, ಆದರೆ ಪತ್ರದಲ್ಲಿ ತೋರಿಸುವುದು 45, ಮಿಕ್ಕಿದ್ದು ಕೈಗೆ.

ಅಮ್ಮನಿಗೆ 72ರ ಮೇಲೆ ಮನಸ್ಸು. "ಆರು ಲಕ್ಷ ಅಂದ್ರೆ ಸುಮ್ನೆನಾ? ನಿಮ್ಮಪ್ಪ ಈ ಮನೇಗೆ ಹಾಕಿದ್ದೇ ಅಷ್ಟಿಲ್ಲ" ಅಂದರು. ಅಕ್ಕನಿಗೆ ಮಗಳ ಕಾಲೇಜು ಫೀಜಿನ ಚಿಂತೆ. ಬೇಗ ಬರುವ ದುಡ್ಡೇ ಆಗಲಿ ಎಂದು ಅವಳು 60ಕ್ಕೂ ತಯಾರು. ನನಗೂ ಮೊದಲು ಕಣ್ಣು ಹೋದದ್ದು 72ರ ಮೇಲೆಯೇ, ಸುಳ್ಳೇಕೆ ಹೇಳಲಿ.

ಕರಾರಿನ ಕರಡು ಬಂತು. ನಾಲ್ಕು ಪುಟ, ತಮಿಳಿನಲ್ಲಿ. ಅಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ. ನಾನು ಬಸ್ಸಿನ ಬೋರ್ಡು ಓದುವಷ್ಟು ತಮಿಳಿನವನು. ಎದುರು ಮನೆಯ ಹುಡುಗಿ ತಮಿಳು ಮಾಧ್ಯಮದಲ್ಲಿ ಕಲಿತವಳು. ಅವಳನ್ನು ಕೂರಿಸಿಕೊಂಡು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಸಿದೆವು. ಕಿರಯ ಅಂದರೆ ಕ್ರಯ, ಸುವಾಧೀನ ಅಂದರೆ ಸ್ವಾಧೀನ, ಕೇಳಿದರೆ ನಮ್ಮದೇ ಮಾತು ಅನ್ನಿಸುತ್ತದೆ. ಅದರಿಂದಲೇ ಮೋಸ ಹೋಗುವುದೂ ಸುಲಭ. ಅರ್ಧ ಅರ್ಥವಾದದ್ದನ್ನು ಪೂರ್ತಿ ಅರ್ಥವಾಯಿತೆಂದು ತಲೆ ಆಡಿಸಿಬಿಡುತ್ತೇವೆ.

ಅದರಲ್ಲಿ ಮೂರು ಸಂಗತಿ ಸಿಕ್ಕವು. ಒಂದು, ಕ್ರಯಪತ್ರವನ್ನು 'ಕೊಳ್ಳುವವರಿಗೆ ಅಥವಾ ಅವರು ಸೂಚಿಸಿದವರಿಗೆ' ಮಾಡಿಕೊಡಬೇಕು. ಅಂದರೆ ಈತ ಕೊಳ್ಳುವವನೇ ಅಲ್ಲ. ಒಂದು ಲಕ್ಷಕ್ಕೆ ಹನ್ನೊಂದು ತಿಂಗಳು ನಮ್ಮ ಮನೆಯನ್ನು ಹಿಡಿದಿಟ್ಟುಕೊಂಡು, ಅಷ್ಟರೊಳಗೆ 80ಕ್ಕೋ 85ಕ್ಕೋ ಇನ್ನೊಬ್ಬನನ್ನು ಹುಡುಕಿ ನಡುವಿನ ಲಾಭ ತೆಗೆಯುವವನು. ಸಿಗದಿದ್ದರೆ ಅವನಿಗೆ ಹೋಗುವುದು ಹೆಚ್ಚೆಂದರೆ ಒಂದು ಲಕ್ಷ. ಎರಡು, ನಾವು ತಪ್ಪಿದರೆ ಮುಂಗಡದ ಎರಡರಷ್ಟು ಕೊಡಬೇಕು. ಅವರು ತಪ್ಪಿದರೆ ಏನು ಎಂಬುದಕ್ಕೆ ಸಾಲೇ ಇಲ್ಲ. ಮೂರು, ಕರಾರಿನ ಜೊತೆಗೇ ಒಂದು 'ಪೊದು ಅಧಿಕಾರ ಆವಣಂ', ಅಂದರೆ ನಾವು ಹೇಳುವ ಜನರಲ್ ಪವರ್, ಬರೆದುಕೊಡಬೇಕು. "ಅಮ್ಮ ಮತ್ತೆ ಮತ್ತೆ ಆಫೀಸಿಗೆ ಬರೋದು ಕಷ್ಟ ಅಲ್ವಾ, ಅದಕ್ಕೆ" ಎಂದು ಬ್ರೋಕರು ಬಹಳ ಮರ್ಯಾದೆಯಿಂದ ವಿವರಿಸಿದ.

ಪವರ್ ಪಡೆದವನು ನಮ್ಮ ಪರವಾಗಿ ಮನೆಯನ್ನು ಬೇರೆಯವರಿಗೆ ನೋಂದಾಯಿಸಿಕೊಡಬಹುದು. ದುಡ್ಡು ಅವನ ಕೈಗೆ ಬರುತ್ತದೆ. ಅದನ್ನು ನಾವು ಅವನಿಂದ ವಸೂಲು ಮಾಡಿಕೊಳ್ಳಬೇಕು. ಪವರ್, ಕರಾರು, ಮರಣಶಾಸನಗಳ ಮೂಲಕ ಮಾಡುವ ಮಾರಾಟದಿಂದ ಒಡೆತನ ಬದಲಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರ ಅಕ್ಟೋಬರಿನಲ್ಲೇ ಹೇಳಿದೆ. ತಮಿಳುನಾಡು ಸರ್ಕಾರವೂ 2023ರ ಜುಲೈ 10ರಿಂದ ಕುಟುಂಬದವರಲ್ಲದವರಿಗೆ ಮಾರುವ ಅಧಿಕಾರ ಕೊಡುವ ಪವರ್‌ಗೆ ಆಸ್ತಿ ಬೆಲೆಯ ಶೇ. 1ರಷ್ಟು ಶುಲ್ಕ ಹಾಕಿತು. ಆದರೂ ಈ ಕಾಗದ ಇನ್ನೂ ಓಡಾಡುತ್ತಿದೆ.

ಹನ್ನೊಂದು ತಿಂಗಳ ಮಾತು ನನಗೆ ಹೆಚ್ಚು ಚುಚ್ಚಲು ಕಾರಣ ನಮ್ಮ ಚಿಕ್ಕಪ್ಪ. ಬಾಗಲೂರು ರಸ್ತೆಯ ಹಳ್ಳಿಯೊಂದರಲ್ಲಿ ಅವರ ಮನೆ. 2021ರಲ್ಲಿ ಒಬ್ಬರಿಂದ ಎರಡು ಲಕ್ಷ ಮುಂಗಡ ಪಡೆದು ಹನ್ನೊಂದು ತಿಂಗಳ ಕರಾರು ನೋಂದಾಯಿಸಿಕೊಟ್ಟರು. ತಮಿಳುನಾಡಿನಲ್ಲಿ 2012ರ ಡಿಸೆಂಬರ್ 1ರಿಂದ ಮಾರಾಟದ ಕರಾರಿಗೂ ನೋಂದಣಿ ಕಡ್ಡಾಯ. ಕರ್ನಾಟಕದ ಕಡೆಯಿಂದ ಬಂದವರಿಗೆ ಇದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ನೋಂದಣಿಯಾದ ಕರಾರು ಋಣಭಾರ ಪತ್ರದಲ್ಲಿ, ಅಂದರೆ ಇಲ್ಲಿಯವರು ವಿಲ್ಲಂಗ ಸಾನ್ರು ಎನ್ನುವ ಈ.ಸಿ.ಯಲ್ಲಿ, ಒಂದು ಸಾಲಾಗಿ ಕೂತುಬಿಡುತ್ತದೆ. ಗಡುವು ಮುಗಿದರೂ ಆ ಸಾಲು ತಾನಾಗಿ ಅಳಿಸಿಹೋಗುವುದಿಲ್ಲ. ಇಬ್ಬರೂ ಬಂದು ರದ್ದತಿ ಪತ್ರಕ್ಕೆ ಸಹಿ ಹಾಕಬೇಕು. ಚಿಕ್ಕಪ್ಪನ ಪಾರ್ಟಿ ಗಡುವು ಮುಗಿದ ಮೇಲೆ ಫೋನೇ ಎತ್ತಲಿಲ್ಲ. ಬೇರೆ ಕೊಳ್ಳುವವರು ಬಂದರು, ಅವರ ಬ್ಯಾಂಕು ಈ.ಸಿ. ನೋಡಿ ಸಾಲ ಕೊಡಲಿಲ್ಲ. ಎರಡು ವರ್ಷ ಹೀಗೇ ಹೋಯಿತು. 2024ರ ಘೋಷಣೆ ಆದ ಮೇಲೆ ಆ ಪಾರ್ಟಿಯ ವಕೀಲರ ನೋಟೀಸು ಬಂತು: ಬಾಕಿ ಹಣ ತಯಾರಿದೆ, 2021ರ ಬೆಲೆಗೆ ನೋಂದಾಯಿಸಿಕೊಡಿ!

ಕರಾರು ಜಾರಿ ಮಾಡಿಸಲು ದಾವೆ ಹೂಡುವುದಕ್ಕೆ ಗೊತ್ತಾದ ದಿನದಿಂದ ಮೂರು ವರ್ಷ ಕಾಲವಿದೆ. ಆ ಕಾಲದೊಳಗೇ ನೋಟೀಸು ಬಂದಿತ್ತು. ಮೊದಲೆಲ್ಲ ಕರಾರು ಜಾರಿ ಮಾಡಿಸುವುದು ಬಿಡುವುದು ನ್ಯಾಯಾಲಯದ ವಿವೇಚನೆಗೆ ಸೇರಿತ್ತು. ಮುಂಗಡ ವಾಪಸು ಕೊಡಿಸಿ ಮುಗಿಸಿದ್ದೂ ಉಂಟು. 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಆ ವಿವೇಚನೆಯನ್ನು ಬಹಳ ಮಟ್ಟಿಗೆ ತೆಗೆದುಹಾಕಿತು. ಕೊಳ್ಳುವವನು ತಾನು ಉದ್ದಕ್ಕೂ ಹಣದೊಂದಿಗೆ ಸಿದ್ಧನಿದ್ದೆನೆಂದು ತೋರಿಸಬಲ್ಲನಾದರೆ, ಬೆಲೆ ಏರಿತು ಎಂಬ ಕಾರಣಕ್ಕೆ ಮಾರುವವನು ಹಿಂದೆ ಸರಿಯುವುದು ಕಷ್ಟ. ಇನ್ನೊಂದು ಕಡೆ, ತಮಿಳುನಾಡಿನದೇ ಒಂದು ಪ್ರಕರಣದಲ್ಲಿ 2011ರ ಜುಲೈಯಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ನಗರದ ಆಸ್ತಿ ಬೆಲೆ ಹೀಗೆ ಏರುವ ಕಾಲದಲ್ಲಿ ಕರಾರಿನ ಗಡುವನ್ನು ಲಘುವಾಗಿ ಕಾಣಬಾರದು ಎಂದಿತು. ಕಂತು ಕಟ್ಟದ ಕೊಳ್ಳುವವರು ಆ ಮೊಕದ್ದಮೆಯಲ್ಲಿ ಸೋತರು. ಚಿಕ್ಕಪ್ಪನ ವಕೀಲರು ಇದನ್ನೇ ಹಿಡಿದಿದ್ದಾರೆ. ಗೆಲ್ಲಬಹುದು. ಆದರೆ ಮನೆಗೆ ಬೀಗ ಬಿದ್ದಿದೆ, ಹೆಂಚು ಸೋರುತ್ತಿದೆ, ಚಿಕ್ಕಪ್ಪನಿಗೆ 78. ಎರಡು ಲಕ್ಷ ಮುಂಗಡ ಎಂದೋ ಖರ್ಚಾಗಿಹೋಯಿತು.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಅವರಿಗೆ ಕಾನೂನು ಹಿಡಿಸಲಿಲ್ಲ, ಮೈದುನನ ಮನೆ ಸೋರುತ್ತಿರುವುದು ಹಿಡಿಸಿತು. ಆದರೂ "72 ಬೇಡ ಅಂತ ಹೇಳೋಕೆ ಮುಂಚೆ ಒಂದ್ಸಲ ಕೇಳಿ ನೋಡು" ಅಂದರು. ಕೇಳಿಕೆಯನ್ನು ತಳ್ಳಿಹಾಕುವುದಕ್ಕಿಂತ ತಿದ್ದಿ ಹಿಂತಿರುಗಿಸುವುದು ವ್ಯವಹಾರಸ್ಥರ ಕ್ರಮ, ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ ಬ್ರೋಕರಿಗೆ ಕೊಟ್ಟೆ: ನೀವು ಹೇಳಿದ 72 ಒಪ್ಪಿಗೆ. ಮುಂಗಡ ಶೇ. 20, ಬ್ಯಾಂಕಿನ ಮೂಲಕ. ತೊಂಬತ್ತು ದಿನ. ಕ್ರಯಪತ್ರ ನಿಮ್ಮ ಹೆಸರಿಗೆ ಮಾತ್ರ. ಪವರ್ ಇಲ್ಲ. ಹತ್ತು ದಿನದೊಳಗೆ ಉತ್ತರ ತಿಳಿಸಿ. ಬೆಲೆಗೆ ನಾವು ಒಂದು ರೂಪಾಯಿ ಹೆಚ್ಚು ಕೇಳಿರಲಿಲ್ಲ. ಆದರೂ ಆ ಪಾರ್ಟಿ ಮತ್ತೆ ನಮ್ಮ ಬೀದಿಯಲ್ಲಿ ಕಾಣಲಿಲ್ಲ.

ಅರವತ್ತರ ಪಾರ್ಟಿಯದು ಬೇರೆ ಜಾತಿಯ ತೊಡಕು. ಪತ್ರದಲ್ಲಿ ಕಡಿಮೆ ತೋರಿಸಿದರೆ ಮುದ್ರಾಂಕ ಶುಲ್ಕ ಉಳಿಯುವುದು ಅವರಿಗೆ. ಅಪಾಯವೆಲ್ಲ ನಮಗೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಹೆಚ್ಚಿನ ಮುಂಗಡ ಮುಂತಾದ ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ. ದಂಡ ಪಡೆದ ಹಣದಷ್ಟೇ ಆಗಬಹುದು, ಅದೂ ಪಡೆದವನಿಗೆ. ಹದಿನೈದು ಲಕ್ಷ ಇಸ್ಕೊಂಡರೆ ಹದಿನೈದು ಲಕ್ಷ ದಂಡಕ್ಕೆ ತಲೆ ಕೊಟ್ಟಂತೆ. ಅಕ್ಕನಿಗೆ ಇದನ್ನು ಹೇಳಿದಾಗ, "ಊರೆಲ್ಲ ಮಾಡ್ತಾರಲ್ಲೋ" ಅಂದಳು. ಮಾಡುತ್ತಾರೆ, ನಿಜ. ಅಮ್ಮನ ಹೆಸರಿಗೆ ನೋಟೀಸು ಬಂದರೆ ಊರೆಲ್ಲ ಬಂದು ಕಟ್ಟುವುದಿಲ್ಲ ಎಂದೆ. ಎರಡು ದಿನ ಮಾತು ಬಿಟ್ಟಿದ್ದಳು.

ಹೀಗೆ ಉಳಿದವರು 66ರ ದಂಪತಿ. ಇವರೊಂದಿಗೆ ಚೌಕಾಸಿ ನಡೆದದ್ದು ಬ್ರೋಕರಿಲ್ಲದೆ, ನಮ್ಮ ಅಡುಗೆ ಮನೆಯ ಪಕ್ಕದ ಹಜಾರದಲ್ಲಿ. ನಾವು 70 ಅಂದೆವು. ಆ ಹೆಣ್ಣುಮಗಳು ತನ್ನ ಲೆಕ್ಕದ ಚೀಟಿ ತೆಗೆದಳು. ತಮಿಳುನಾಡಿನಲ್ಲಿ 2023ರ ಏಪ್ರಿಲಿನಿಂದ ಮುದ್ರಾಂಕ ಶೇ. 7, ನೋಂದಣಿ ಶುಲ್ಕ ಶೇ. 2, ಒಟ್ಟು ಶೇ. 9. ಮಾರ್ಗಸೂಚಿ ಬೆಲೆ ಕಡಿಮೆಯಿದ್ದರೂ ನಿಜವಾದ ಕ್ರಯದ ಮೇಲೆಯೇ ಕಟ್ಟಬೇಕು. "ಸರ್, ನೀವು 68 ಅಂದ್ರೂ ನಮಗೆ 74ರ ಮೇಲೆ ಬೀಳುತ್ತೆ" ಅಂದಳು. ಲೆಕ್ಕ ಸರಿಯಾಗಿತ್ತು, 6 ಲಕ್ಷ 12 ಸಾವಿರ ಬರೀ ಶುಲ್ಕಕ್ಕೆ. ಮಾರುವವನು ತನ್ನ ಕೈಗೆ ಬರುವ ಅಂಕಿ ಮಾತ್ರ ನೋಡುತ್ತಾನೆ, ಎದುರಿನವರ ಕೈಯಿಂದ ಹೋಗುವುದು ಕಾಣುವುದಿಲ್ಲ. ನಾನೂ ಕಂಡಿರಲಿಲ್ಲ. 68ಕ್ಕೆ ಮುಗಿಯಿತು.

ಆದರೆ ಅದಕ್ಕೆ ಮೊದಲು ಬ್ಯಾಂಕಿನಿಂದ ಸಾಲ ಎಷ್ಟು ಸಿಗುತ್ತದೆಂಬ ಪತ್ರ ತೋರಿಸಿ ಎಂದು ಕೇಳಿದೆ. ಬೇಸರ ಮಾಡಿಕೊಳ್ಳದೆ ತಂದರು. ಕೊಳ್ಳುವ ಮನಸ್ಸಿದ್ದವರು ಇಂಥದ್ದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬದಲಿಗೆ ಅವರು ನಮ್ಮ ಕಾಗದ ಕೇಳಿದರು. ಅಲ್ಲಿ ನಾವು ತಲೆ ತಗ್ಗಿಸಬೇಕಾಯಿತು. ಪಟ್ಟಾ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ತಹಶೀಲ್ದಾರರಿಂದ ಪಡೆಯಬೇಕಾದ ವಾರಸುದಾರರ ಪ್ರಮಾಣಪತ್ರವನ್ನು ನಾವು ಪಡೆದೇ ಇರಲಿಲ್ಲ. ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಮನೆ ಅಮ್ಮ, ಅಕ್ಕ, ನಾನು, ಮೂವರಿಗೂ ಸಮ ಪಾಲು. ಮದುವೆಯಾದ ಹೆಣ್ಣುಮಗಳಿಗೆ ಏನು ಹಕ್ಕು ಎನ್ನುವ ಅಣ್ಣತಮ್ಮಂದಿರು ಈಗಲೂ ಇದ್ದಾರೆ. ಅಂಥ ಮನೆಗೆ ಕೈ ಹಾಕುವ ಬ್ರೋಕರು ಮೊದಲು ಗಂಡುಮಗನ ಸಹಿ ಪಡೆದು ಆಮೇಲೆ ಜಗಳ ನೋಡುತ್ತ ಕೂರುತ್ತಾನೆ. ನಮ್ಮಲ್ಲಿ ಜಗಳವಿರಲಿಲ್ಲ, ಸೋಮಾರಿತನವಿತ್ತು. ಕಾಗದ ಸರಿಮಾಡಿಸಲು ಏಳು ವಾರ ಹಿಡಿಯಿತು. ಅಷ್ಟು ದಿನ ಆ ದಂಪತಿ ಕಾದರು. ಕಾಯದಿದ್ದರೆ ನಾವು ಏನೂ ಹೇಳುವಂತಿರಲಿಲ್ಲ. ಮನೆ ಮಾರುವ ಯೋಚನೆ ಇದ್ದವರು ಮೂವತ್ತು ವರ್ಷದ ಈ.ಸಿ., ಪಟ್ಟಾ, ಮನೆ ಕಂದಾಯದ ರಸೀದಿ ಇವನ್ನು ಪಾರ್ಟಿ ಬರುವ ಮೊದಲೇ ಜೋಡಿಸಿಡಿ. ಲೇಔಟ್ ನಿವೇಶನವಾದರೆ ಮಂಜೂರಾತಿಯನ್ನೂ ನೋಡಿಕೊಳ್ಳಿ. 2016ರಲ್ಲಿ ಮದ್ರಾಸ್ ಹೈಕೋರ್ಟು ಅನಧಿಕೃತ ನಿವೇಶನಗಳ ನೋಂದಣಿಗೆ ತಡೆ ಹಾಕಿದ ಮೇಲೆ ಬ್ಯಾಂಕುಗಳು ಇದನ್ನು ಕಣ್ಣಿಟ್ಟು ನೋಡುತ್ತವೆ.

ಕರಾರನ್ನು ನಮ್ಮ ವಕೀಲರೇ ಬರೆದರು. ಮುಂಗಡ 6 ಲಕ್ಷ 80 ಸಾವಿರ, ಬ್ಯಾಂಕಿನಿಂದ ಬ್ಯಾಂಕಿಗೆ. ತೊಂಬತ್ತು ದಿನ. ನಾವು ತಪ್ಪಿದರೆ ಏನು, ಅವರು ತಪ್ಪಿದರೆ ಏನು ಎಂಬುದು ಎರಡೂ ಬರೆದಿತ್ತು. ನಮ್ಮ ಕಾಗದದ ದೋಷದಿಂದ ಬ್ಯಾಂಕು ಸಾಲ ನಿರಾಕರಿಸಿದರೆ ಮುಂಗಡ ಪೂರ್ತಿ ವಾಪಸು, ಇಲ್ಲವಾದರೆ ಅದರಲ್ಲಿ ಒಂದು ಭಾಗ ನಮಗೆ. ಗಡುವು ಮೀರಿದರೆ ಹದಿನೈದು ದಿನದೊಳಗೆ ಇಬ್ಬರೂ ಬಂದು ರದ್ದತಿ ಪತ್ರ ಮಾಡಬೇಕೆಂದೂ ಸೇರಿಸಿದರು. ಬೀಗದ ಕೈ ಕೊಡುವುದು ಕ್ರಯದ ದಿನವೇ. ತಮಿಳು ಪ್ರತಿಯ ಜೊತೆಗೆ ಅದರ ಕನ್ನಡ ಪ್ರತಿಯೊಂದನ್ನು ಅಮ್ಮನಿಗಾಗಿ ಬರೆಸಿದೆವು. ಅದಕ್ಕೆ ಕಚೇರಿಯಲ್ಲಿ ಬೆಲೆಯಿಲ್ಲ. ಅಮ್ಮ ಅದನ್ನು ಎರಡು ಸಂಜೆ ಕೂತು ಓದಿದರು.

ತೆರಿಗೆಯ ಮಾತು ಚುಟುಕಾಗಿ. ಕ್ರಯ 50 ಲಕ್ಷ ಅಥವಾ ಮೇಲಾದರೆ ಕೊಳ್ಳುವವರು ಶೇ. 1 ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ, ನಮ್ಮದರಲ್ಲಿ 68 ಸಾವಿರ. ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ. ಲಾಭದ ಮೇಲೆ, 2024ರ ಜುಲೈ 23ಕ್ಕೆ ಮುಂಚೆ ಬಂದ ಆಸ್ತಿಯಾದರೆ, ಹಣದುಬ್ಬರದ ರಿಯಾಯಿತಿಯಿಲ್ಲದೆ ಶೇ. 12.5 ಅಥವಾ ರಿಯಾಯಿತಿಯೊಂದಿಗೆ ಶೇ. 20, ಯಾವುದು ಕಡಿಮೆಯೋ ಅದು. ಹಳೆಯ ಮನೆಗಳಿಗೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಅಸಲೆಂದು ಹಿಡಿಯಬಹುದು. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿದರೆ ವಿನಾಯಿತಿಯುಂಟು. ಒಪ್ಪಿಕೊಳ್ಳುವ ಮೊದಲೇ ಒಬ್ಬ ಲೆಕ್ಕಿಗರನ್ನು ಕಂಡುಬರುವುದು ಒಳ್ಳೆಯದು.

ನೋಂದಣಿಯ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಮ್ಮನನ್ನು, ಪತ್ರದಲ್ಲಿ ಇರುವುದು ಗೊತ್ತೇ, ಹಣ ಬಂತೇ ಎಂದು ತಮಿಳಿನಲ್ಲಿ ಕೇಳಿದರು. ಅಮ್ಮ ತಮಿಳಿನಲ್ಲೇ ಉತ್ತರ ಕೊಟ್ಟು, ಸಹಿಯನ್ನು ಕನ್ನಡದಲ್ಲಿ ಹಾಕಿದರು. ಅವರ ಪಾಲು ಅವರ ಖಾತೆಯಲ್ಲೇ ಇದೆ.

ಕಳೆದ ವಾರ ಹಳೆಯ ಬೀದಿಗೆ ಹೋಗಿದ್ದೆ. ಮೂಲೆ ಮನೆಯ ಹುಡುಗ ಅಡ್ಡ ಬಂದು, "ಅಣ್ಣಾ, ನಮ್ಮ ಮನೇಗೆ 75 ಕೇಳ್ತಾವ್ರೆ, ಟೋಕನ್ ಒಂದು ಲಕ್ಷ" ಎಂದು ನಾಲ್ಕು ಪುಟದ ಕಾಗದ ಕೈಗಿಟ್ಟ. ಎದುರು ಮನೆಯ ಹುಡುಗಿಯನ್ನು ಕೂಗಿ ಕರೆದೆ. ಅವಳು ಎರಡನೆಯ ಪುಟ ತಿರುಗಿಸಿ, 'ಅಥವಾ ಅವರು ಸೂಚಿಸಿದವರಿಗೆ' ಎಂಬ ಸಾಲಿನ ಮೇಲೆ ಬೆರಳಿಟ್ಟಳು.